ಸಮ್ಮತಿ: ನಾವು ತಡವಾಗಿ ಓದುವ ಪಾಠ

ಕಳೆದ ವರ್ಷ ಪ್ರಥಮ ಪಿಯುಸಿಯಲ್ಲಿದ್ದಾಗ ನಾನು ಸಂಜೆ ಹೊತ್ತು ಅಕೌಂಟೆನ್ಸಿ ಟ್ಯೂಷನ್‌ಗೆ ಹೋಗುತ್ತಿದ್ದೆ. ನೋಟ್ಸ್ ಹಂಚಿಕೊಳ್ಳಲು ನಮ್ಮದೊಂದು ವಾಟ್ಸಾಪ್ ಗುಂಪು ಇತ್ತು. ಗುಂಪಿನಲ್ಲಿ ಇಲ್ಲದ ಒಬ್ಬ ಗೆಳೆಯ ಬಂದು, ಅದರಲ್ಲಿದ್ದ ಒಬ್ಬ ಹುಡುಗಿಯ ನಂಬರ್ ಕೇಳಿದ. ನಾನು ಕೊಟ್ಟೆ. ಎರಡು ಸೆಕೆಂಡಿನ ಕೆಲಸ. ಅವನು ಕೆಟ್ಟವನಲ್ಲ, ಸುಮ್ಮನೆ ಮಾತಾಡಬೇಕು ಅಂದಿದ್ದ.

ಮೊದಲು ‘ಹಾಯ್’ ಹೋಯಿತು. ಅವಳು ಉತ್ತರ ಕೊಡಲಿಲ್ಲ. ಆಮೇಲೆ ‘ಏಕೆ ಉತ್ತರವಿಲ್ಲ’ ಎಂದು ಹೋಯಿತು. ಅವಳು ಬ್ಲಾಕ್ ಮಾಡಿದಳು. ಇನ್ನೊಂದು ನಂಬರಿನಿಂದ ಹೋಯಿತು. ರಾತ್ರಿ ಮಿಸ್ಡ್ ಕಾಲ್ ಬರತೊಡಗಿತು. ಒಂದು ದಿನ ಅದು ಮನೆಯವರ ಕಣ್ಣಿಗೆ ಬಿತ್ತು. ಮೊದಲು ಅವಳ ಫೋನ್ ಹೋಯಿತು, ನಂತರ ಟ್ಯೂಷನ್ ಹೋಯಿತು. ಕಾಲೇಜನ್ನೂ ಬಿಡಿಸುವ ಮಾತು ಬಂತು. ಅವಳು ಎರಡು ವಾರ ತರಗತಿಗೆ ಬರಲಿಲ್ಲ. ಒಬ್ಬ ಉಪನ್ಯಾಸಕಿ ಮನೆಗೆ ಹೋಗಿ ಮಾತಾಡಿದ ಮೇಲೆ ಓದು ಉಳಿಯಿತು. ಫೋನ್ ಮಾತ್ರ ಇನ್ನೂ ಸಿಕ್ಕಿಲ್ಲ. ಈಗಲೂ ನೋಟ್ಸನ್ನು ಮಧ್ಯಾಹ್ನದ ಊಟದ ಹೊತ್ತಿನಲ್ಲಿ ಕೈಯಲ್ಲಿ ನಕಲು ಮಾಡಿಕೊಳ್ಳುತ್ತಾಳೆ.

ಇಲ್ಲಿ ಲೆಕ್ಕ ಹಾಕಿ ನೋಡಿ. ನಂಬರ್ ಕೊಟ್ಟವನು ನಾನು, ಮೆಸೇಜ್ ಮಾಡಿದವನು ಅವನು. ನಮ್ಮಿಬ್ಬರ ಫೋನೂ ನಮ್ಮ ಕೈಯಲ್ಲೇ ಇದೆ. ಬೇಡ ಎಂದವಳು ಮಾತ್ರ ನಷ್ಟ ಅನುಭವಿಸಿದಳು.

ಇದನ್ನು ಬರೆಯಬಹುದೇ ಎಂದು ಅವಳ ಗೆಳತಿಯ ಮೂಲಕ ಕೇಳಿಸಿದೆ. ಬರೆಯಲಿ, ಆದರೆ ಒಂದು ವಿಷಯ ಹಾಕುವುದು ಬೇಡ ಎಂದು ಹೇಳಿ ಕಳಿಸಿದಳು. ಅದನ್ನು ಇಲ್ಲಿ ಹಾಕಿಲ್ಲ. ಗುರುತು ಸಿಗದಂತೆ ಒಂದೆರಡು ವಿವರ ಬದಲಿಸಿದ್ದೇನೆ. ಈ ಘಟನೆಯ ನಂತರ ‘ಸಮ್ಮತಿ’ ಎಂಬ ಪದವನ್ನು ನಾನು ಹುಡುಕಿ ಓದಿದೆ. ಓದಿದ್ದರಲ್ಲಿ ನಮಗೆಲ್ಲ ಬೇಕಾದದ್ದನ್ನು ಪಾಠದ ರೂಪದಲ್ಲಿ ಇಲ್ಲಿ ಕೊಡುತ್ತಿದ್ದೇನೆ.

ಅಕೌಂಟೆನ್ಸಿ ಪುಸ್ತಕದಲ್ಲಿ ಸಮ್ಮತಿ

ಕಾಮರ್ಸ್ ವಿದ್ಯಾರ್ಥಿಗಳಿಗೆ ಈ ಪದ ಹೊಸದಲ್ಲ. ದ್ವಿತೀಯ ಪಿಯುಸಿಯಲ್ಲಿ ‘ಪಾಲುದಾರನ ಸೇರ್ಪಡೆ’ ಎಂಬ ಅಧ್ಯಾಯ ಇದೆ. ಎ ಮತ್ತು ಬಿ ಪಾಲುದಾರರು. ಸಿ ಹೊಸದಾಗಿ ಬರಬೇಕು. ಬೇರೆ ಕರಾರು ಇಲ್ಲದಿದ್ದರೆ, ಈಗಿರುವ ಎಲ್ಲ ಪಾಲುದಾರರ ಒಪ್ಪಿಗೆ ಇಲ್ಲದೆ ಹೊಸಬರನ್ನು ಸೇರಿಸುವಂತಿಲ್ಲ ಎಂದು 1932ರ ಭಾರತೀಯ ಪಾಲುದಾರಿಕೆ ಕಾಯ್ದೆಯ 31ನೇ ಸೆಕ್ಷನ್ ಹೇಳುತ್ತದೆ. ಸಿ ಎಷ್ಟೇ ಬಂಡವಾಳ ತರಲಿ, ಗುಡ್‌ವಿಲ್‌ಗೆ ಎಷ್ಟೇ ಕೊಡಲಿ, ಬಿ ಒಪ್ಪದಿದ್ದರೆ ಮುಗಿಯಿತು. ಇಷ್ಟು ತಂದೆನಲ್ಲ ಎಂದು ಸಿ ಜಗಳ ಮಾಡಿದರೂ ಪ್ರಯೋಜನವಿಲ್ಲ. ರೀಚಾರ್ಜ್ ಮಾಡಿಸಿದೆ, ಹುಟ್ಟುಹಬ್ಬಕ್ಕೆ ವಾಚ್ ಕೊಟ್ಟೆ, ಅವಳು ಮಾತಾಡಲೇಬೇಕು ಎನ್ನುವವರು ಈ ಅಧ್ಯಾಯವನ್ನು ಮತ್ತೊಮ್ಮೆ ಓದಬೇಕು.

ಅದೇ ಕಾಯ್ದೆಯಲ್ಲಿ ‘ಇಚ್ಛಾನುಸಾರ ಪಾಲುದಾರಿಕೆ’ ಎಂಬುದೂ ಇದೆ. ಅದರಲ್ಲಿ ಯಾವ ಪಾಲುದಾರನಾದರೂ ಉಳಿದವರಿಗೆ ಲಿಖಿತ ನೋಟಿಸ್ ಕೊಟ್ಟು ಸಂಸ್ಥೆಯನ್ನು ವಿಸರ್ಜಿಸಬಹುದು. ನಿನ್ನೆಯವರೆಗೆ ಒಪ್ಪಿದ್ದೆಯಲ್ಲ ಎಂಬುದು ಅಲ್ಲಿ ವಾದವಾಗುವುದಿಲ್ಲ. ವ್ಯಾಪಾರದಲ್ಲೇ ಹೀಗಿರುವಾಗ ಸ್ನೇಹದಲ್ಲಿ ಹೊರಗೆ ಹೋಗುವ ಬಾಗಿಲು ಇನ್ನೂ ಅಗಲವಾಗಿರಬೇಕು.

ನನ್ನ ಚಿಕ್ಕಪ್ಪನ ಮಗ ಬಿ.ಕಾಂ. ಓದುತ್ತಿದ್ದಾನೆ. ಅವನ ಪುಸ್ತಕದಲ್ಲಿ 1872ರ ಭಾರತೀಯ ಕರಾರು ಕಾಯ್ದೆ ಇದೆ. ಅದರ 13ನೇ ಸೆಕ್ಷನ್ ಪ್ರಕಾರ ಇಬ್ಬರೂ ಒಂದೇ ವಿಷಯವನ್ನು ಒಂದೇ ಅರ್ಥದಲ್ಲಿ ಒಪ್ಪಿದರೆ ಮಾತ್ರ ಅದು ಸಮ್ಮತಿ. 14ನೇ ಸೆಕ್ಷನ್ ಪ್ರಕಾರ ಆ ಸಮ್ಮತಿ ಮುಕ್ತವಾಗಿರಬೇಕು. ಮುಕ್ತವಾಗಿರದಂತೆ ಮಾಡುವ ಐದು ಕಾರಣಗಳನ್ನು ಅಲ್ಲಿ ಕೊಟ್ಟಿದ್ದಾರೆ. ಅವನ್ನು ನಮ್ಮ ವಯಸ್ಸಿನ ಉದಾಹರಣೆಗಳೊಂದಿಗೆ ಓದೋಣ.

1. ಬಲವಂತ: ಒಪ್ಪದಿದ್ದರೆ ಫೋಟೋ ಎಲ್ಲರಿಗೂ ಕಳಿಸುತ್ತೇನೆ ಎನ್ನುವುದು.

2. ಅನುಚಿತ ಪ್ರಭಾವ: ಒಬ್ಬರು ಇನ್ನೊಬ್ಬರ ಮನಸ್ಸನ್ನು ಆಳುವ ಸ್ಥಾನದಲ್ಲಿದ್ದು ಅದನ್ನು ದುರುಪಯೋಗ ಮಾಡಿಕೊಳ್ಳುವುದು. ಸೀನಿಯರ್, ಕೋಚ್, ಕಲಿಸುವವರು, ಹಿರಿಯ ಸಂಬಂಧಿಕರು ಯಾರೂ ಆಗಬಹುದು.

3. ವಂಚನೆ: ನಕಲಿ ಹೆಸರಿನ ಇನ್‌ಸ್ಟಾಗ್ರಾಂ ಖಾತೆಯಿಂದ ಹುಡುಗಿಯಂತೆ ನಟಿಸಿ ಮಾತಾಡಿಸುವುದು.

4. ತಪ್ಪು ನಿರೂಪಣೆ: ಮನೆಯಲ್ಲಿ ಎಲ್ಲರಿಗೂ ಗೊತ್ತು, ಎಲ್ಲರೂ ಒಪ್ಪಿದ್ದಾರೆ ಎಂದು ಖಚಿತವಿಲ್ಲದೆ ಹೇಳುವುದು.

5. ತಪ್ಪು ತಿಳಿವಳಿಕೆ: ಅವಳು ಫೋಟೋ ಕಳಿಸಿದ್ದು ನೋಡಲು, ಅವನು ತಿಳಿದದ್ದು ಹಂಚಲು. ವಿಷಯ ಒಂದೇ ಆದರೂ ಅರ್ಥ ಬೇರೆಯಾಯಿತು. 13ನೇ ಸೆಕ್ಷನ್ ಹೇಳುವ ಸಮ್ಮತಿ ಅಲ್ಲಿ ಇಲ್ಲ.

ಅದೇ ಪುಸ್ತಕದಲ್ಲಿ ನೂರು ವರ್ಷಕ್ಕೂ ಹಳೆಯ ಒಂದು ಪ್ರಕರಣ ಇದೆ, ಹೆಸರು ಚಿಕ್ಕಂ ಅಮ್ಮಿರಾಜು. ಗಂಡನೊಬ್ಬ ಆತ್ಮಹತ್ಯೆ ಮಾಡಿಕೊಳ್ಳುತ್ತೇನೆ ಎಂದು ಹೆದರಿಸಿ, ಹೆಂಡತಿ ಮತ್ತು ಮಗನಿಂದ ಆಸ್ತಿಯ ಹಕ್ಕುಬಿಡುಗಡೆ ಪತ್ರಕ್ಕೆ ಸಹಿ ಹಾಕಿಸಿಕೊಂಡಿದ್ದ. ಅದು ಬಲವಂತವೇ ಎಂದು ಮದ್ರಾಸ್ ಹೈಕೋರ್ಟ್ ತೀರ್ಪು ಕೊಟ್ಟಿತು. ಆಗ ನಮ್ಮ ಜಿಲ್ಲೆಯೂ ಮದ್ರಾಸ್ ಪ್ರಾಂತಕ್ಕೇ ಸೇರಿತ್ತು. ನೀನು ಒಪ್ಪದಿದ್ದರೆ ಸಾಯುತ್ತೇನೆ, ಕೈ ಕೊಯ್ದುಕೊಳ್ಳುತ್ತೇನೆ ಎಂಬ ಮಾತನ್ನು ನಾವು ಪ್ರೀತಿ ಎಂದು ತಿಳಿಯುತ್ತೇವೆ. ಆದರೆ ಜಮೀನಿನ ಪತ್ರದ ವಿಷಯದಲ್ಲೇ ನ್ಯಾಯಾಲಯ ಅದನ್ನು ಬಲವಂತ ಎಂದಿದೆ. ಯಾರಾದರೂ ನಿಮಗೆ ಹೀಗೆ ಹೇಳಿದರೆ ಅವರ ಜೀವದ ಜವಾಬ್ದಾರಿಯನ್ನು ಒಬ್ಬರೇ ಹೊರಬೇಡಿ. ಕೂಡಲೇ ದೊಡ್ಡವರೊಬ್ಬರಿಗೆ ಹೇಳಿ. ಹಾಗೆ ಹೇಳಿದವರಿಗೂ ಸಹಾಯ ಬೇಕಾಗಿರುತ್ತದೆ.

ಬಾಗಿಲ ಮುಂದೆ ನಿಂತವನು

ನಮ್ಮ ಮನೆಯ ಮಾತು ಉರ್ದು. ಅಕ್ಕನ ಪೆನ್ನು ತೆಗೆದರೂ ಅಮ್ಮ ಕೇಳುವುದು ಒಂದೇ ಪ್ರಶ್ನೆ, ‘ಪೂಛೇ ಕ್ಯಾ?’ ಎಂದು. ಕೇಳಿದೆಯಾ ಎಂದರ್ಥ. ಕೇಳುವುದಕ್ಕೆ ನಮ್ಮಲ್ಲಿ ‘ಇಜಾಜತ್’ ಎಂಬ ಪದ ಇದೆ. ಚಿಕ್ಕಂದಿನಿಂದ ಕೇಳುತ್ತಾ ಬಂದ ಈ ಪದವನ್ನು ಫೋನ್ ಕೈಗೆ ಬಂದ ಮೇಲೆ ನಾನು ಮರೆತಿದ್ದೆ.

ಮದ್ರಸಾದಲ್ಲಿ ನಾವೆಲ್ಲ ಸೂರಾ ಅನ್ನೂರ್ ಓದಿದ್ದೇವೆ. ಬೇರೆಯವರ ಮನೆಗೆ ಹೋದರೆ ಮೊದಲು ಅನುಮತಿ ಕೇಳಬೇಕು, ಸಲಾಂ ಹೇಳಬೇಕು, ಹಿಂತಿರುಗಿ ಎಂದರೆ ಹಿಂತಿರುಗಬೇಕು, ಅದೇ ನಿಮಗೆ ಹೆಚ್ಚು ಶುದ್ಧ ಎಂಬ ಆದೇಶ ಅದರ 27 ಮತ್ತು 28ನೇ ಆಯತ್‌ಗಳಲ್ಲಿದೆ. ಮೂರು ಸಲ ಅನುಮತಿ ಕೇಳಿಯೂ ಸಿಗದಿದ್ದರೆ ವಾಪಸು ಹೋಗಬೇಕು ಎಂದು ಹದೀಸ್‌ನಲ್ಲಿದೆ. ಇಲ್ಲಿ ಗಮನಿಸಬೇಕಾದ ಮಾತೊಂದಿದೆ. ಏಕೆ ಬೇಡ ಎಂದು ಮನೆಯವರು ಕಾರಣ ಕೊಡಬೇಕಾಗಿಲ್ಲ. ಹಿಂತಿರುಗುವವನಿಗೆ ಅದು ಅವಮಾನವೂ ಅಲ್ಲ. ಶುದ್ಧ ಎಂಬ ಮಾತು ಬಂದಿರುವುದೇ ಹಿಂತಿರುಗಿದವನ ಬಗ್ಗೆ.

ಅದೇ ಸೂರಾದ 30ನೇ ಆಯತ್ ದೃಷ್ಟಿ ತಗ್ಗಿಸಲು ಪುರುಷರಿಗೆ ಹೇಳುತ್ತದೆ. ಸ್ತ್ರೀಯರಿಗೆ ಹೇಳುವುದು ಅದರ ನಂತರದ 31ನೇ ಆಯತ್‌ನಲ್ಲಿ. ನಾವು ಹುಡುಗರು ಹೆಚ್ಚಾಗಿ 31ನ್ನು ಹುಡುಗಿಯರಿಗೆ ನೆನಪಿಸುತ್ತೇವೆ, 30ನ್ನು ದಾಟಿ ಹೋಗುತ್ತೇವೆ.

ಮುಗೀಸ್‌ನ ಕಣ್ಣೀರು

ಸಹೀಹ್ ಬುಖಾರಿಯಲ್ಲಿ ಇಬ್ನ್ ಅಬ್ಬಾಸ್ (ರ) ಹೇಳಿದ ಒಂದು ಘಟನೆ ಇದೆ. ಬರೀರಾ ಎಂಬ ಸ್ತ್ರೀ ಗುಲಾಮಗಿರಿಯಿಂದ ಬಿಡುಗಡೆಯಾದರು. ಅವರ ಗಂಡ ಮುಗೀಸ್ ಇನ್ನೂ ಗುಲಾಮ. ಬಿಡುಗಡೆಯಾದ ಮೇಲೆ ಆ ಮದುವೆಯಲ್ಲಿ ಮುಂದುವರಿಯುವುದೋ ಬಿಡುವುದೋ ಎಂಬ ಆಯ್ಕೆ ಅವರಿಗೆ ಸಿಕ್ಕಿತು. ಅವರು ಬಿಡುವುದನ್ನು ಆರಿಸಿಕೊಂಡರು. ಮುಗೀಸ್‌ಗೆ ಅವರ ಮೇಲೆ ತುಂಬ ಪ್ರೀತಿ. ಮದೀನಾದ ಬೀದಿಗಳಲ್ಲಿ ಅಳುತ್ತಾ ಅವರ ಹಿಂದೆ ಹಿಂದೆ ನಡೆಯುತ್ತಿದ್ದರು, ಕಣ್ಣೀರು ಗಡ್ಡದ ಮೇಲೆ ಇಳಿಯುತ್ತಿತ್ತು. ಪ್ರವಾದಿಯವರಿಗೆ (ಸ) ಕನಿಕರವಾಯಿತು. ಮತ್ತೆ ಅವರೊಂದಿಗೆ ಬಾಳಬಾರದೇ ಎಂದು ಬರೀರಾರನ್ನು ಕೇಳಿದರು. ಇದು ತಮ್ಮ ಆಜ್ಞೆಯೇ ಎಂದು ಬರೀರಾ ಕೇಳಿದರು. ಅಲ್ಲ, ಶಿಫಾರಸು ಮಾತ್ರ ಎಂಬ ಉತ್ತರ ಬಂತು. ಹಾಗಾದರೆ ನನಗೆ ಅವರು ಬೇಡ ಎಂದು ಬರೀರಾ ಹೇಳಿದರು. ವಿಷಯ ಅಲ್ಲಿಗೆ ಮುಗಿಯಿತು.

ಈ ಘಟನೆಯಲ್ಲಿ ಎಷ್ಟು ಒತ್ತಡ ಇತ್ತು ಯೋಚಿಸಿ. ಮೊದಲು ಅದು ಹಳೆಯ ಸಂಬಂಧ. ಪ್ರೀತಿ ಸುಳ್ಳಲ್ಲ, ಕಣ್ಣೀರೂ ಸುಳ್ಳಲ್ಲ. ಇಡೀ ಊರು ನೋಡುತ್ತಿತ್ತು. ಎಲ್ಲಕ್ಕಿಂತ ದೊಡ್ಡವರು ಮಾತಾಡಿದರು. ಆದರೂ ‘ಬೇಡ’ ಎಂಬುದು ‘ಬೇಡ’ವಾಗಿಯೇ ಉಳಿಯಿತು. ಯಾರೂ ಬರೀರಾರಿಗೆ ಶಿಕ್ಷೆ ಕೊಡಲಿಲ್ಲ. ಅವರ ಸಮ್ಮತಿ ಮುಕ್ತವಾಗಿತ್ತು ಎಂದು ನಾವು ಹೇಳಬಹುದಾದರೆ ಅದಕ್ಕೆ ಕಾರಣ ಇದೇ. ಬೇಡ ಎಂದದ್ದಕ್ಕೆ ಅವರು ಏನನ್ನೂ ಕಳೆದುಕೊಳ್ಳಲಿಲ್ಲ.

ಹಿಂದೆ ಹಿಂದೆ ನಡೆದು ಕೊನೆಗೆ ಗೆಲ್ಲುವ ನಾಯಕನನ್ನು ನಾವು ಸಿನಿಮಾದಲ್ಲಿ ಎಷ್ಟೋ ಸಲ ನೋಡಿದ್ದೇವೆ. ಈ ಘಟನೆಯಲ್ಲಿ ಹಿಂದೆ ನಡೆದವರು ಗೆಲ್ಲಲಿಲ್ಲ.

ಮೌನ ಸಮ್ಮತಿಯೇ?

ಈ ಪ್ರಶ್ನೆಯನ್ನು ನನ್ನ ಗೆಳೆಯರು ಕೂಡಲೇ ಕೇಳಿದರು. ನಿಕಾಹ್‌ಗೆ ಕನ್ಯೆಯ ಮೌನವೇ ಅನುಮತಿ ಎಂದು ಹದೀಸ್‌ನಲ್ಲಿದೆಯಲ್ಲ ಎಂದು. ಇದೆ. ಆದರೆ ಪೂರ್ತಿ ಓದಬೇಕು. ಮೊದಲನೆಯದಾಗಿ, ಅವಳನ್ನು ಕೇಳಲೇಬೇಕು ಎಂಬುದೇ ಆ ಹದೀಸ್‌ನ ಮುಖ್ಯ ಮಾತು. ಅವಳು ನಾಚುತ್ತಾಳಲ್ಲ ಎಂಬ ಪ್ರಶ್ನೆಗೆ ಮೌನದ ಉತ್ತರ ಬಂದದ್ದು. ಎರಡನೆಯದಾಗಿ, ಅಳು ಅಥವಾ ಬೇರೆ ಲಕ್ಷಣಗಳಿಂದ ಇಷ್ಟವಿಲ್ಲ ಎಂದು ಕಂಡರೆ ಆ ಮೌನವನ್ನು ಒಪ್ಪಿಗೆ ಎಂದು ಎಣಿಸಬಾರದು ಎಂದು ವಿದ್ವಾಂಸರು ವಿವರಿಸಿದ್ದಾರೆ. ಮೂರನೆಯದಾಗಿ, ಖನ್ಸಾ ಬಿಂತ್ ಖಿದಾಂ (ರ) ಅವರ ತಂದೆ ಇಷ್ಟವಿಲ್ಲದ ಮದುವೆ ಮಾಡಿಸಿದಾಗ ಅವರು ಪ್ರವಾದಿಯವರ (ಸ) ಬಳಿ ಬಂದು ಹೇಳಿದರು. ಆ ಮದುವೆಯನ್ನು ರದ್ದು ಮಾಡಲಾಯಿತು. ಇದೂ ಬುಖಾರಿಯಲ್ಲಿದೆ. ನಿಕಾಹ್‌ಗೆ ಸಂಬಂಧಿಸಿದ, ಮನೆಯವರ ಮುಂದೆ ನಡೆಯುವ ಒಂದು ಮಾತನ್ನು ಬಸ್ಸಿಗೂ ಫೋನಿಗೂ ಎಳೆದು ತರುವುದು ಸರಿಯಲ್ಲ. ಹೆಚ್ಚಿನ ವಿವರವನ್ನು ಉಸ್ತಾದರಲ್ಲಿ ಕೇಳಿ ತಿಳಿಯಬಹುದು.

ವ್ಯಾಪಾರದ ಕಾನೂನಿನಲ್ಲೂ ಮೌನ ಒಪ್ಪಿಗೆಯಾಗುವ ಒಂದು ಸಂದರ್ಭ ಇದೆ. ಪಾಲುದಾರಿಕೆಯ ಲಾಭಕ್ಕೆ ಸೇರಿಸಲ್ಪಟ್ಟ ಅಪ್ರಾಪ್ತನು ಪ್ರಾಪ್ತವಯಸ್ಕನಾದ ನಂತರ ಕಾನೂನು ಹೇಳಿದ ಆರು ತಿಂಗಳೊಳಗೆ ಏನೂ ತಿಳಿಸದಿದ್ದರೆ ಪಾಲುದಾರನೇ ಆಗಿಬಿಡುತ್ತಾನೆ. ಆದರೆ ದೇಹದ ವಿಷಯದಲ್ಲಿ ಕಾನೂನು ಹಾಗಿಲ್ಲ. 2013ರ ತಿದ್ದುಪಡಿಯಲ್ಲಿ ಸಮ್ಮತಿ ಎಂದರೆ ಸ್ಪಷ್ಟವಾದ, ಸ್ವಇಚ್ಛೆಯ ಒಪ್ಪಿಗೆ ಎಂದು ಬರೆದರು. ಹೆಣ್ಣು ಪ್ರತಿಭಟಿಸಲಿಲ್ಲ ಎಂಬ ಒಂದೇ ಕಾರಣಕ್ಕೆ ಅವಳು ಒಪ್ಪಿದ್ದಾಳೆ ಎನ್ನುವಂತಿಲ್ಲ ಎಂದೂ ಸೇರಿಸಿದರು. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ 63ನೇ ಸೆಕ್ಷನ್‌ನಲ್ಲೂ ಅದೇ ಇದೆ. ಹೆದರಿದವರು ಕೂಗುವುದಿಲ್ಲ. ತುಂಬಿದ ಬಸ್ಸಿನಲ್ಲಿ ನಿಂತು ಹೋಗುವ ಯಾರಿಗೂ ಇದನ್ನು ವಿವರಿಸಬೇಕಾಗಿಲ್ಲ.

ಹದಿನೆಂಟು ತುಂಬದವರಿಗೆ ಕಾನೂನು

ನಮ್ಮಲ್ಲಿ ಹೆಚ್ಚಿನವರಿಗೆ 16 ಅಥವಾ 17 ವರ್ಷ. ಪೋಕ್ಸೋ ಎಂದು ಕರೆಯುವ ಲೈಂಗಿಕ ಅಪರಾಧಗಳಿಂದ ಮಕ್ಕಳ ಸಂರಕ್ಷಣಾ ಕಾಯ್ದೆ 2012ರ ನವೆಂಬರ್ 14ರಂದು ಜಾರಿಗೆ ಬಂತು. ಇದರ ಪ್ರಕಾರ 18 ತುಂಬದ ಎಲ್ಲರೂ ಮಕ್ಕಳು, ಹುಡುಗಿಯೂ ಹೌದು, ಹುಡುಗನೂ ಹೌದು. ಲೈಂಗಿಕ ವಿಷಯದಲ್ಲಿ ಅವರ ಒಪ್ಪಿಗೆಗೆ ಕಾನೂನಿನಲ್ಲಿ ಬೆಲೆಯಿಲ್ಲ. ಅವಳೂ ಒಪ್ಪಿದ್ದಳು ಎಂಬುದು ರಕ್ಷಣೆಯಾಗುವುದಿಲ್ಲ. ಲೈಂಗಿಕ ಉದ್ದೇಶದಿಂದ ಮತ್ತೆ ಮತ್ತೆ ಹಿಂಬಾಲಿಸುವುದು, ಫೋನ್ ಅಥವಾ ಇಂಟರ್ನೆಟ್ ಮೂಲಕ ಸಂಪರ್ಕಿಸುತ್ತಲೇ ಇರುವುದು ಕೂಡ 11ನೇ ಸೆಕ್ಷನ್ ಪ್ರಕಾರ ಅಪರಾಧ. ಅದಕ್ಕೆ ಮೂರು ವರ್ಷದವರೆಗೆ ಶಿಕ್ಷೆ ಇದೆ. ತಪ್ಪು ಮಾಡಿದ ಹುಡುಗನಿಗೂ 18 ತುಂಬದಿದ್ದರೆ ಪ್ರಕರಣ ಬಾಲನ್ಯಾಯ ಮಂಡಳಿಗೆ ಹೋಗುತ್ತದೆ. ಆದರೆ 16 ದಾಟಿದವರು ಅತಿ ಘೋರ ಅಪರಾಧ ಮಾಡಿದ್ದರೆ ದೊಡ್ಡವರಂತೆ ವಿಚಾರಣೆ ನಡೆಸುವ ಅವಕಾಶ 2015ರ ಬಾಲನ್ಯಾಯ ಕಾಯ್ದೆಯಲ್ಲಿದೆ.

ನಮ್ಮ ರಾಜ್ಯದ ಒಂದು ಪ್ರಕರಣವನ್ನು ಎಲ್ಲರೂ ತಿಳಿದಿರಬೇಕು. 2022ರ ನವೆಂಬರ್‌ನಲ್ಲಿ ಕರ್ನಾಟಕ ಹೈಕೋರ್ಟಿನ ಧಾರವಾಡ ಪೀಠದ ಮುಂದೆ ಒಂದು ಮೇಲ್ಮನವಿ ಬಂತು. 17 ವರ್ಷದ ಹುಡುಗಿಯೊಬ್ಬಳು ಯುವಕನೊಂದಿಗೆ ಮನೆ ಬಿಟ್ಟು ಹೋಗಿದ್ದಳು. ಯುವಕನ ಮೇಲೆ ಪೋಕ್ಸೋ ಪ್ರಕರಣ ದಾಖಲಾಯಿತು, ಕೆಳಗಿನ ನ್ಯಾಯಾಲಯ ಅವನನ್ನು ಬಿಡುಗಡೆ ಮಾಡಿತು. ಮೇಲ್ಮನವಿ ವಿಚಾರಣೆಗೆ ಬರುವಷ್ಟರಲ್ಲಿ ಅವರಿಗೆ ಮದುವೆಯಾಗಿ ಇಬ್ಬರು ಮಕ್ಕಳಿದ್ದರು. ನ್ಯಾಯಮೂರ್ತಿಗಳಾದ ಸೂರಜ್ ಗೋವಿಂದರಾಜ್ ಮತ್ತು ಜಿ. ಬಸವರಾಜ ಅವರು ಬಿಡುಗಡೆಯನ್ನು ಎತ್ತಿಹಿಡಿದರು. 16 ದಾಟಿದ ಹುಡುಗಿಯರ ಪ್ರಕರಣಗಳಲ್ಲಿ ವಯಸ್ಸಿನ ಮಾನದಂಡದ ಬಗ್ಗೆ ಕಾನೂನು ಆಯೋಗ ಮರುಚಿಂತನೆ ಮಾಡಬೇಕು ಎಂದರು. ಅದರ ಜೊತೆಗೆ ಒಂಬತ್ತನೇ ತರಗತಿಯಿಂದಲೇ ವಿದ್ಯಾರ್ಥಿಗಳಿಗೆ ಪೋಕ್ಸೋ ಕಾನೂನಿನ ಬಗ್ಗೆ ತಿಳಿವಳಿಕೆ ಕೊಡಬೇಕು ಎಂದು ಶಿಕ್ಷಣ ಇಲಾಖೆಗೆ ನಿರ್ದೇಶನ ಕೊಟ್ಟರು. ಇಂಥ ಪ್ರಕರಣಗಳಲ್ಲಿ ಸಿಲುಕುವ ಎಷ್ಟೋ ಮಕ್ಕಳಿಗೆ ಕಾನೂನು ಏನು ಹೇಳುತ್ತದೆ ಎಂಬುದೇ ಗೊತ್ತಿರುವುದಿಲ್ಲ.

2023ರ ಸೆಪ್ಟೆಂಬರ್‌ನಲ್ಲಿ ಕಾನೂನು ಆಯೋಗ ತನ್ನ 283ನೇ ವರದಿ ಕೊಟ್ಟಿತು. 18ರ ಮಿತಿಯನ್ನು ಇಳಿಸಬಾರದು ಎಂದಿತು. 16ರಿಂದ 18ರ ನಡುವಿನವರ ಕೆಲವು ಪ್ರಕರಣಗಳಲ್ಲಿ ಶಿಕ್ಷೆ ನಿರ್ಧರಿಸುವಾಗ ನ್ಯಾಯಾಧೀಶರಿಗೆ ವಿವೇಚನೆ ಇರಲಿ ಎಂದು ಸಲಹೆ ಕೊಟ್ಟಿತು. ಮಿತಿ 18 ಆಗಿಯೇ ಇದೆ.

ಇಂಥ ಪಾಠ ಕೊಟ್ಟರೆ ಮಕ್ಕಳು ಹಾಳಾಗುತ್ತಾರೆ ಎಂಬ ಹೆದರಿಕೆ ದೊಡ್ಡವರಲ್ಲಿದೆ. 2007ರಲ್ಲಿ ಹದಿಹರೆಯದ ಶಿಕ್ಷಣ ಕಾರ್ಯಕ್ರಮಕ್ಕೆ ಹಲವು ರಾಜ್ಯಗಳಲ್ಲಿ ವಿರೋಧ ಬಂತು, ಕರ್ನಾಟಕವೂ ಅವುಗಳಲ್ಲಿ ಒಂದು. 2024ರ ಸೆಪ್ಟೆಂಬರ್ 23ರ ತೀರ್ಪೊಂದರಲ್ಲಿ ಸುಪ್ರೀಂ ಕೋರ್ಟ್ ಇದು ತಪ್ಪು ಕಲ್ಪನೆ ಎಂದಿತು. ಸಮ್ಮತಿ, ಆರೋಗ್ಯಕರ ಸಂಬಂಧ, ಗಂಡು ಹೆಣ್ಣಿನ ಸಮಾನತೆ ಇವೆಲ್ಲ ಆ ಶಿಕ್ಷಣದ ಭಾಗ ಎಂದು ಹೇಳಿತು.

18ರೊಳಗೆ ಕಾನೂನು ಒಪ್ಪುವುದಿಲ್ಲ, ನಿಕಾಹ್ ಇಲ್ಲದೆ ದೀನ್ ಒಪ್ಪುವುದಿಲ್ಲ, ಹಾಗಾದರೆ ಈ ಪಾಠ ಈಗ ಏಕೆ ಎಂದು ಕೆಲವರು ಕೇಳಬಹುದು. ಏಕೆಂದರೆ ಸಮ್ಮತಿ ಅಷ್ಟಕ್ಕೇ ಸೇರಿದ್ದಲ್ಲ. ನಂಬರಿಗೆ ಬೇಕು, ಫೋಟೋಗೆ ಬೇಕು, ಹೆಗಲ ಮೇಲೆ ಕೈ ಹಾಕಲು ಬೇಕು, ಗುಟ್ಟನ್ನು ಇನ್ನೊಬ್ಬರಿಗೆ ಹೇಳಲು ಬೇಕು. ಹುಡುಗ ಹುಡುಗರ ನಡುವೆಯೂ ಬೇಕು. ಹಾಸ್ಟೆಲಿನಲ್ಲಿ ಜೂನಿಯರನ್ನು ತಮಾಷೆಗೆ ಹಿಡಿದು ವಿಡಿಯೋ ಮಾಡುವುದೂ ಇದೇ ಪಾಠಕ್ಕೆ ಸೇರುತ್ತದೆ. ಇಲ್ಲಿ ಅಭ್ಯಾಸವಾಗದ್ದು ಮುಂದೆ ಮದುವೆಯಾದ ದಿನ ತಾನಾಗಿ ಬರುವುದಿಲ್ಲ.

‘ಬೇಡ’ದ ಬೆಲೆ

ಹುಡುಗಿಯರಿಗೆ ‘ಬೇಡ’ ಎನ್ನಲು ಕಲಿಸಬೇಕು ಎಂದು ಎಲ್ಲರೂ ಹೇಳುತ್ತಾರೆ. ನಮ್ಮ ಟ್ಯೂಷನ್ನಿನ ಹುಡುಗಿಗೆ ಅದು ಗೊತ್ತಿತ್ತು. ಉತ್ತರ ಕೊಡಲಿಲ್ಲ, ಬ್ಲಾಕ್ ಮಾಡಿದಳು. ಇದಕ್ಕಿಂತ ಸ್ಪಷ್ಟವಾಗಿ ಹೇಳುವುದು ಹೇಗೆ? ತಿಳಿಯದಿದ್ದದ್ದು ಕೇಳಿಸಿಕೊಳ್ಳಬೇಕಾದವರಿಗೆ.

ಮನೆಯಲ್ಲಿ ಮೊದಲೇ ಏಕೆ ಹೇಳಲಿಲ್ಲ ಎಂದು ನಾವು ಅವಳನ್ನು ಕೇಳುತ್ತೇವೆ. ಹೇಳಿದ್ದರೆ ಏನಾಗುತ್ತಿತ್ತೋ ಅದೇ ಕೊನೆಗೆ ಆಯಿತು. ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ ಮೂರೂ ತಾಲೂಕುಗಳಿಂದ ಬರುವ ಹುಡುಗಿಯರು ನಮ್ಮಲ್ಲಿದ್ದಾರೆ. ಕೆಲವರು ಎರಡು ಬಸ್ಸು ಬದಲಿಸಿ ಬರುತ್ತಾರೆ. ಅವರಲ್ಲಿ ಕೆಲವರು ತಮ್ಮ ಮನೆಯಿಂದ ಪಿಯುಸಿಗೆ ಬಂದ ಮೊದಲ ಹುಡುಗಿಯರು. ತೊಂದರೆಯಾಗಿದೆ ಎಂದು ಹೇಳಿದರೆ ಓದು ನಿಲ್ಲುತ್ತದೆ ಎಂಬ ಹೆದರಿಕೆ ಅವರ ಬಾಯಿ ಕಟ್ಟುತ್ತದೆ. ತೊಂದರೆ ಕೊಡುವವನಿಗೂ ಇದು ಗೊತ್ತು. ಅವನ ಧೈರ್ಯವೇ ಅದು.

ನಮ್ಮ ಜಿಲ್ಲೆಯಲ್ಲಿ ಇನ್ನೊಂದು ಕಷ್ಟ ಇದೆ. ಬಸ್ಸಿನಲ್ಲಿ ಯಾರ ಪಕ್ಕ ಯಾರು ಕುಳಿತರು, ಜ್ಯೂಸ್ ಅಂಗಡಿಗೆ ಯಾರೊಂದಿಗೆ ಹೋದರು ಎಂದು ನೋಡುವ ಕಣ್ಣುಗಳು ಬಹಳ. ಬೇರೆ ಬೇರೆ ಧರ್ಮದವರಾದರೆ ಫೋಟೋ ತೆಗೆಯುತ್ತಾರೆ, ಗುಂಪು ಸೇರಿಸುತ್ತಾರೆ. ಇದನ್ನು ಒಂದೇ ಸಮುದಾಯದವರು ಮಾಡುತ್ತಾರೆ ಎಂದು ಹೇಳಲಾಗುವುದಿಲ್ಲ. 2012ರ ಜುಲೈಯಲ್ಲಿ ಮಂಗಳೂರಿನ ಪಡೀಲಿನ ಹೋಂಸ್ಟೇಯಲ್ಲಿ ಹುಟ್ಟುಹಬ್ಬ ಆಚರಿಸುತ್ತಿದ್ದ ಯುವಕ ಯುವತಿಯರ ಮೇಲೆ ಗುಂಪೊಂದು ದಾಳಿ ಮಾಡಿದ್ದು ದೇಶಕ್ಕೆಲ್ಲ ಗೊತ್ತು. ಹೆಣ್ಣನ್ನು ಕಾಪಾಡುತ್ತೇವೆ ಎಂದು ಬರುವವರು ಅವಳನ್ನೇ ಒಂದು ಮಾತೂ ಕೇಳುವುದಿಲ್ಲ. ಇದರಿಂದ ನಿಜವಾಗಿ ತೊಂದರೆಯಲ್ಲಿರುವ ಹುಡುಗಿಯೂ ಬಾಯಿ ಬಿಡುವುದಿಲ್ಲ. ಸಹಾಯ ಕೇಳಿದರೆ ಗುಂಪು ಬಂದೀತು ಎಂಬ ಭಯ ಅವಳಿಗೆ.

ಆದ್ದರಿಂದ ನಾನು ಕಲಿತದ್ದು ಇಷ್ಟು. ‘ಹೌದು’ ಎನ್ನುವುದಕ್ಕೆ ಅರ್ಥ ಬರಬೇಕಾದರೆ ‘ಬೇಡ’ ಎನ್ನುವುದಕ್ಕೆ ದಂಡ ಇರಬಾರದು. ಅದನ್ನು ನೋಡಿಕೊಳ್ಳುವ ಕೆಲಸ ಕೇಳುವವರದು, ನೋಡುವವರದು, ಮನೆಯವರದು. ಹೇಳುವವಳೊಬ್ಬಳದೇ ಅಲ್ಲ.

ಸಂಬಂಧ ಆರೋಗ್ಯವಾಗಿದೆಯೇ?

ಗೆಳೆತನವಾಗಲಿ, ಮುಂದೆ ಮದುವೆಯಾಗಲಿ, ಈ ಪ್ರಶ್ನೆಗಳನ್ನು ಕೇಳಿಕೊಳ್ಳಬಹುದು.

1. ನಾನು ಬೇಡ ಎಂದಾಗ ಅವರ ಮುಖ, ಮಾತು ಬದಲಾಗುತ್ತದೆಯೇ? ದಿನಗಟ್ಟಲೆ ಮಾತು ಬಿಡುವುದು ಕೂಡ ಒಂದು ದಂಡ.

2. ನನ್ನ ಪಾಸ್‌ವರ್ಡ್, ಲೊಕೇಶನ್, ಯಾರಿಗೆ ಮೆಸೇಜ್ ಮಾಡಿದೆ ಎಂಬ ಲೆಕ್ಕ ಕೇಳುತ್ತಾರೆಯೇ? ಅದು ಕಾಳಜಿಯಲ್ಲ, ಕಾವಲು.

3. ನನ್ನ ಹಳೆಯ ಗೆಳೆಯ ಗೆಳತಿಯರಿಂದ ದೂರ ಮಾಡುತ್ತಿದ್ದಾರೆಯೇ?

4. ಮನೆಯಲ್ಲಿ ಯಾರಿಗೂ ಹೇಳಬೇಡ ಎಂದು ಮತ್ತೆ ಮತ್ತೆ ಹೇಳುತ್ತಾರೆಯೇ?

5. ಅವರ ಜೊತೆ ಇದ್ದಾಗ ಓದು, ನಮಾಝ್, ನಿದ್ರೆ, ಆಟ ಎಲ್ಲ ಕಡಿಮೆಯಾಗುತ್ತಿದೆಯೇ?

6. ತಪ್ಪಾದಾಗ ಕ್ಷಮೆ ಕೇಳುತ್ತಾರೆಯೇ, ಕೇಳಿದ ಮೇಲೆ ಆ ತಪ್ಪು ನಿಲ್ಲುತ್ತದೆಯೇ?

ಏನು ಮಾಡಬೇಕು?

ನಿಮಗೆ ಯಾರಾದರೂ ಬೇಡ ಎಂದರೆ: ‘ಸರಿ’ ಎಂದು ಹೇಳಿ ನಿಲ್ಲಿಸಿ. ಕಾರಣ ಕೇಳಬೇಡಿ, ಗೆಳೆಯರನ್ನು ಕಳಿಸಬೇಡಿ, ಸ್ಟೇಟಸ್ ಹಾಕಬೇಡಿ. ನೋವಾಗುತ್ತದೆ, ಅದು ನಿಜ. ಆ ನೋವನ್ನು ಬೇರೆಯವರ ಬಳಿ ಹೇಳಿಕೊಳ್ಳಿ, ಬೇಡ ಎಂದವರ ಬಳಿ ಅಲ್ಲ.

ನಿಮಗೆ ತೊಂದರೆಯಾಗುತ್ತಿದ್ದರೆ: ಮೆಸೇಜ್ ಅಳಿಸಬೇಡಿ, ಸ್ಕ್ರೀನ್‌ಶಾಟ್ ಇಟ್ಟುಕೊಳ್ಳಿ. ನಂಬುವ ಒಬ್ಬ ದೊಡ್ಡವರಿಗೆ ಹೇಳಿ. ಮಕ್ಕಳ ಸಹಾಯವಾಣಿ 1098. ತುರ್ತು ಇದ್ದರೆ 112. ಮಹಿಳೆಯರಿಗೆ 181. ಆನ್‌ಲೈನ್ ವಂಚನೆಯಿಂದ ಹಣ ಹೋದರೆ 1930. ಮನಸ್ಸು ಕುಸಿದರೆ ಟೆಲಿಮಾನಸ್ 14416. ಪೋಕ್ಸೋ ಕಾಯ್ದೆಯಲ್ಲಿ ಮಗುವಿನ ಹೇಳಿಕೆಯನ್ನು ಮನೆಯಲ್ಲೋ ಅವರು ಬಯಸಿದ ಜಾಗದಲ್ಲೋ ಪಡೆಯಬೇಕು, ಪೊಲೀಸರು ಸಮವಸ್ತ್ರದಲ್ಲಿ ಇರಬಾರದು, ರಾತ್ರಿ ಠಾಣೆಯಲ್ಲಿ ಇರಿಸಬಾರದು, ಗುರುತನ್ನು ಮಾಧ್ಯಮಗಳು ಬಹಿರಂಗ ಮಾಡಬಾರದು ಎಂಬ ನಿಯಮಗಳಿವೆ. ದೇಹ, ಮನಸ್ಸಿನ ಪ್ರಶ್ನೆಗಳಿಗೆ ಸರ್ಕಾರಿ ಆಸ್ಪತ್ರೆಗಳಲ್ಲಿ ಹದಿಹರೆಯದವರಿಗಾಗಿ ‘ಸ್ನೇಹ ಕ್ಲಿನಿಕ್’ ವ್ಯವಸ್ಥೆ ಇದೆ.

ಗೆಳೆಯನೊಬ್ಬ ನಂಬರ್ ಕೇಳಿದರೆ: ‘ಅವಳನ್ನು ಕೇಳಿ ಹೇಳುತ್ತೇನೆ’ ಎನ್ನಿ. ನಾನು ಹೇಳಬೇಕಾಗಿದ್ದ ವಾಕ್ಯ ಇದೊಂದೇ.

ಉಪನ್ಯಾಸಕರಲ್ಲಿ ಮತ್ತು ಹೆತ್ತವರಲ್ಲಿ ವಿನಂತಿ: ಮಗಳು ಬಂದು ಹೇಳಿದರೆ ಮೊದಲು ಅವಳ ಫೋನ್ ಕಸಿದುಕೊಳ್ಳಬೇಡಿ. ಹೇಳಿದ್ದು ಒಳ್ಳೆಯದಾಯಿತು, ನಿನ್ನ ಓದಿಗೆ ತೊಂದರೆಯಿಲ್ಲ ಎಂಬ ಎರಡು ಮಾತು ಮೊದಲು ಬರಲಿ. ಮಗನನ್ನೂ ಕೂರಿಸಿ ಇದೇ ಪಾಠ ಹೇಳಿ. ಲೈಂಗಿಕ ಅಪರಾಧ ನಡೆದದ್ದು ತಿಳಿದರೆ ಪೊಲೀಸರಿಗೆ ತಿಳಿಸುವುದು ಪೋಕ್ಸೋ ಕಾಯ್ದೆಯ 19ನೇ ಸೆಕ್ಷನ್ ಪ್ರಕಾರ ಕರ್ತವ್ಯ. ಮುಚ್ಚಿಹಾಕುವುದು ಮರ್ಯಾದೆ ಉಳಿಸುವ ದಾರಿಯಲ್ಲ.

ತರಗತಿಯಲ್ಲಿ ಚರ್ಚೆಗೆ

1. ಸಲ್ಮಾ ತನ್ನ ಫೋಟೋವನ್ನು ಗೆಳತಿಗೆ ಕಳಿಸಿದಳು. ಗೆಳತಿ ಅದನ್ನು ತನ್ನ ಅಣ್ಣನಿಗೆ ತೋರಿಸಿದಳು. ಯಾವುದಕ್ಕೆ ಸಮ್ಮತಿ ಇತ್ತು, ಯಾವುದಕ್ಕೆ ಇರಲಿಲ್ಲ?

2. ಕಾಲೇಜು ಡೇಗೆ ನಾಟಕದಲ್ಲಿ ಪಾತ್ರ ಮಾಡಲು ಸೀನಿಯರ್ ಒತ್ತಾಯಿಸಿದ. ಜೂನಿಯರ್ ‘ಸರಿ’ ಎಂದ. ಇದು ಮುಕ್ತ ಸಮ್ಮತಿಯೇ? ಐದು ಕಾರಣಗಳಲ್ಲಿ ಯಾವುದು ಅನ್ವಯಿಸುತ್ತದೆ?

3. ಬರೀರಾರ ಘಟನೆಯಲ್ಲಿ ಇದ್ದ ಒತ್ತಡಗಳನ್ನು ಪಟ್ಟಿ ಮಾಡಿ. ಅವುಗಳಲ್ಲಿ ಯಾವುದು ಇಂದು ನಮ್ಮ ಊರಿನಲ್ಲಿ ಹೆಚ್ಚು?

4. ನಿಮ್ಮ ಫೋನಿನಲ್ಲಿರುವ ಗುಂಪುಗಳನ್ನು ನೋಡಿ. ಅದರಲ್ಲಿರುವ ಯಾರ ನಂಬರನ್ನಾದರೂ ಕೇಳದೆ ಬೇರೆಯವರಿಗೆ ಕೊಟ್ಟಿದ್ದೀರಾ?

ನಾಲ್ಕನೆಯ ಪ್ರಶ್ನೆಗೆ ನನ್ನ ಉತ್ತರ ನಿಮಗೆ ಗೊತ್ತು. ನಾನು ಅವಳ ಕ್ಷಮೆ ಕೇಳಿದೆ. ಉತ್ತರ ಬೇಕೆಂದು ಕಾಯಲಿಲ್ಲ, ಕ್ಷಮಿಸುವುದೂ ಬಿಡುವುದೂ ಅವಳಿಗೆ ಸೇರಿದ್ದು. ಮೆಸೇಜ್ ಮಾಡಿದ ಗೆಳೆಯನೊಂದಿಗೂ ಮಾತಾಡಿದೆ, ಅವನು ನಿಲ್ಲಿಸಿದ್ದಾನೆ. ಈಗ ಟ್ಯೂಷನ್ ಗುಂಪಿಗೆ ಬರುವ ನೋಟ್ಸನ್ನೆಲ್ಲ ಪ್ರಿಂಟ್ ಮಾಡಿಸಿ ಅವಳ ಗೆಳತಿಯ ಕೈಗೆ ಕೊಡುತ್ತೇನೆ, ಅದಕ್ಕೂ ಮೊದಲು ಕೇಳಿದ್ದೆ. ಅದೊಂದಕ್ಕೆ ಅವಳು ಸರಿ ಎಂದಿದ್ದಾಳೆ.